ಬೀಗ ಹಾಕಿದ ಕಚೇರಿಗೂ ಸಂಬಳ: ಅಮೆರಿಕದ ಶಟ್‌ಡೌನ್ ಲೆಕ್ಕ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ, ಅಮೆರಿಕದ ಕೇಂದ್ರ ಸರ್ಕಾರದ ದೊಡ್ಡ ಭಾಗ ಬಾಗಿಲು ಮುಚ್ಚಿತ್ತು. ಇದನ್ನೇ ಶಟ್‌ಡೌನ್ ಎನ್ನುತ್ತಾರೆ. ಒಟ್ಟು 43 ದಿನ. ಅಲ್ಲಿಯವರೆಗಿನ ಶಟ್‌ಡೌನ್‌ಗಳಲ್ಲಿ ಇದೇ ಅತಿ ಉದ್ದದ್ದು. ಆರೇಳು ಲಕ್ಷ ನೌಕರರು ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಅಷ್ಟೇ ಮಂದಿ ಸಂಬಳವಿಲ್ಲದೆ ಕೆಲಸಕ್ಕೆ ಹೋದರು. ಬಡವರ ಆಹಾರ ನೆರವನ್ನೇ ನಂಬಿದ್ದ ಸುಮಾರು 4.2 ಕೋಟಿ ಜನ ನವೆಂಬರ್ ತಿಂಗಳ ದುಡ್ಡು ಬರುತ್ತೋ ಇಲ್ವೋ ಎಂದು ಕಾಯಬೇಕಾಯಿತು.

ಇಂಥ ಸುದ್ದಿ ಓದಿದಾಗ ಒಂದು ಅನಿಸಿಕೆ ಸಹಜವಾಗಿ ಬರುತ್ತದೆ. ಕಚೇರಿ ಮುಚ್ಚಿದೆ, ಖರ್ಚಾದರೂ ಉಳಿಯಿತು ಅಲ್ವಾ? ಉಳಿಯುವುದಿಲ್ಲ. ಖರ್ಚು ಜಾಸ್ತಿಯೇ ಆಗುತ್ತದೆ. ಅದು ಯಾಕೆ ಎಂದು ತಿಳಿಯಲು ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕು.

ಅಮೆರಿಕದ ಸಂವಿಧಾನದ ಪ್ರಕಾರ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಒಪ್ಪದೆ ಖಜಾನೆಯಿಂದ ದುಡ್ಡು ತೆಗೆಯುವಂತಿಲ್ಲ. ಆದರೆ 19ನೇ ಶತಮಾನದಲ್ಲಿ ಇಲಾಖೆಗಳು ಇದಕ್ಕೊಂದು ದಾರಿ ಹುಡುಕಿಕೊಂಡಿದ್ದವು. ವರ್ಷಕ್ಕೆಂದು ಕೊಟ್ಟ ದುಡ್ಡನ್ನು ಕೆಲವೇ ತಿಂಗಳಲ್ಲಿ ಮುಗಿಸಿ, ಸಾಲ ಮಾಡಿ, ಆಮೇಲೆ ಕಾಂಗ್ರೆಸ್ ಮುಂದೆ ಕೈಚಾಚುತ್ತಿದ್ದವು. ಸಾಲ ಆಗಿಹೋಗಿದೆ, ಕೊಡದೆ ಗತಿಯಿಲ್ಲ. ಇದನ್ನು ತಡೆಯಲೆಂದೇ 1870ರಲ್ಲಿ ಒಂದು ಕಾನೂನು ಬಂತು. ಕೊಟ್ಟಿದ್ದಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂದು ಅದು ಹೇಳಿತು. 1884ರಲ್ಲಿ ಇನ್ನೊಂದು ಮಾತು ಸೇರಿತು. ಸರ್ಕಾರ ಯಾರಿಂದಲೂ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಾರದು. ಇವತ್ತು ಪುಕ್ಕಟೆ ದುಡಿದವರು ನಾಳೆ ಬಂದು ಕೂಲಿ ಕೇಳುತ್ತಾರೆ ಎಂಬ ಕಾರಣಕ್ಕೆ ಈ ನಿಯಮ. ಶಟ್‌ಡೌನ್ ಸಮಯದಲ್ಲಿ ನೌಕರರು ಸ್ವಂತ ಇಷ್ಟದಿಂದಲೂ ಕೆಲಸ ಮಾಡುವಂತಿಲ್ಲ ಎನ್ನುವುದರ ಬೇರು ಇಲ್ಲಿದೆ.

ಹಾಗಿದ್ದರೂ ಸುಮಾರು ನೂರು ವರ್ಷ ಈ ಕಾನೂನಿನಿಂದ ಯಾವ ಕಚೇರಿಗೂ ಬೀಗ ಬೀಳಲಿಲ್ಲ. ಬಜೆಟ್ ತಡವಾದರೆ ಇಲಾಖೆಗಳು ಖರ್ಚನ್ನು ಸ್ವಲ್ಪ ಬಿಗಿ ಮಾಡಿ ನಡೆಸಿಕೊಂಡು ಹೋಗುತ್ತಿದ್ದವು. ದುಡ್ಡು ಇನ್ನೇನು ಬಂದೇ ಬರುತ್ತದೆ ಎಂಬ ನಂಬಿಕೆ. 1977ರಲ್ಲಿ ಬಡ ಮಹಿಳೆಯರ ಗರ್ಭಪಾತಕ್ಕೆ ಸರ್ಕಾರದ ದುಡ್ಡು ಕೊಡಬೇಕೇ ಬೇಡವೇ ಎಂಬ ಜಗಳ ಎದ್ದಿತು. ಮೂರು ಬಾರಿ, ಒಟ್ಟು 28 ದಿನ ಅನುದಾನ ನಿಂತಿತು. ಕಚೇರಿಗಳು ಮಾತ್ರ ತೆರೆದೇ ಇದ್ದವು.

ಇದನ್ನು ಬದಲಿಸಿದ್ದು ಒಂದು ಕಾನೂನು ಅಭಿಪ್ರಾಯ. 1980ರ ಏಪ್ರಿಲ್ 25ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಬೆಂಜಮಿನ್ ಸಿವಿಲೆಟ್ಟಿ ಅದನ್ನು ಕೊಟ್ಟರು. ಹಳೆಯ ಕಾನೂನನ್ನು ಅಕ್ಷರಶಃ ಓದಿದರೆ, ಅನುದಾನ ಮುಗಿದ ಇಲಾಖೆ ಬಾಗಿಲು ಹಾಕಲೇಬೇಕು ಎಂದರು. ಒಂದೇ ವಾರದಲ್ಲಿ ಅದು ಜಾರಿಗೂ ಬಂತು. ಮೇ 1ರಂದು, ವ್ಯಾಪಾರದಲ್ಲಿ ಮೋಸ ತಡೆಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ದಿನ ಮುಚ್ಚಿತು. 1,600 ನೌಕರರು ಮನೆಗೆ ಹೋದರು. ಆ ಒಂದು ದಿನಕ್ಕೆ ತಗುಲಿದ ಖರ್ಚು ಸುಮಾರು 7 ಲಕ್ಷ ಡಾಲರ್.

1981ರ ಜನವರಿಯಲ್ಲಿ ಸಿವಿಲೆಟ್ಟಿ ಎರಡನೇ ಅಭಿಪ್ರಾಯ ಕೊಟ್ಟರು. ಜನರ ಪ್ರಾಣ ಮತ್ತು ಆಸ್ತಿ ಕಾಯುವ ಕೆಲಸ ನಡೆಯಬಹುದು ಎಂದು ಅದರಲ್ಲಿ ವಿನಾಯಿತಿ ಇತ್ತು. ವಿಮಾನ ಸಂಚಾರ ನಿಯಂತ್ರಕರು, ಗಡಿ ಕಾವಲಿನವರು ಸಂಬಳವಿಲ್ಲದೆಯೂ ಡ್ಯೂಟಿಗೆ ಬರಬೇಕಾಗುವುದು ಇದರಿಂದಲೇ. ತಮ್ಮ ಅಭಿಪ್ರಾಯ ಮುಂದೆ ರಾಜಕೀಯದ ಪಟ್ಟಾಗಿ ಬಳಕೆಯಾಗುತ್ತದೆ ಎಂದು ಊಹಿಸಿಯೇ ಇರಲಿಲ್ಲ ಎಂದು ಅವರು ವಯಸ್ಸಾದ ಮೇಲೆ ಹೇಳಿಕೊಂಡಿದ್ದರು.

ಆದದ್ದು ಅದೇ. 1995-96ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ಸ್ಪೀಕರ್ ನ್ಯೂಟ್ ಗಿಂಗ್ರಿಚ್ ನಡುವೆ ಬಜೆಟ್ ಕಡಿತದ ಜಗಳವಾಯಿತು. ಮೊದಲು 5 ದಿನ, ಆಮೇಲೆ 21 ದಿನ ಸರ್ಕಾರ ನಿಂತಿತು. ಎರಡೂ ಸೇರಿ ಸರ್ಕಾರದ ಬಜೆಟ್ ಕಚೇರಿ ಹಾಕಿದ ಖರ್ಚಿನ ಅಂದಾಜು 140 ಕೋಟಿ ಡಾಲರ್. ದುಡ್ಡು ಉಳಿಸುವ ಹೆಸರಿನಲ್ಲಿ ಶುರುವಾದ ಜಗಳ ಅದು.

ಈ ದುಡ್ಡು ಎಲ್ಲಿಗೆ ಹೋಗುತ್ತದೆ? ಮುಖ್ಯವಾಗಿ, ಮಾಡದ ಕೆಲಸದ ಸಂಬಳಕ್ಕೆ. ಮನೆಗೆ ಕಳಿಸಿದ ನೌಕರರಿಗೆ ಆಮೇಲೆ ಬಾಕಿ ಕೊಡುವುದು ಮೊದಲಿನಿಂದಲೂ ನಡೆದುಬಂದಿದೆ. 2019ರ ಜನವರಿಯಲ್ಲಿ ಅದಕ್ಕೆ ಕಾನೂನೇ ಆಯಿತು. ಕೊಡುವುದು ನ್ಯಾಯವೇ. ಅವರೇನೂ ರಜೆ ಕೇಳಿರಲಿಲ್ಲ. ಆದರೆ ಆ ದಿನಗಳ ಕೆಲಸ ಮಾತ್ರ ಜನರಿಗೆ ಸಿಗಲೇ ಇಲ್ಲ. 2013, 2018 ಮತ್ತು 2018-19ರ ಮೂರು ಶಟ್‌ಡೌನ್‌ಗಳನ್ನು ಕಾಂಗ್ರೆಸ್‌ನ ಮೇಲ್ಮನೆಯಾದ ಸೆನೆಟ್‌ನ ಒಂದು ತನಿಖಾ ಉಪಸಮಿತಿ ಪರಿಶೀಲಿಸಿತು. ತೆರಿಗೆದಾರರಿಗೆ ಬಿದ್ದ ಹೊರೆ ಸುಮಾರು 400 ಕೋಟಿ ಡಾಲರ್ ಎಂದು 2019ರಲ್ಲಿ ಹೇಳಿತು. ಅದರಲ್ಲಿ ಕನಿಷ್ಠ 370 ಕೋಟಿ ಬರೀ ಈ ಬಾಕಿ ಸಂಬಳ. ಹಾಳಾದ ಕೆಲಸದ ಸಮಯವನ್ನು ಒಬ್ಬನೇ ನೌಕರನ ಲೆಕ್ಕದಲ್ಲಿ ಹೇಳಿದರೆ ಸುಮಾರು 57 ಸಾವಿರ ವರ್ಷ! ಹಲವು ಇಲಾಖೆಗಳು ಪೂರ್ತಿ ಲೆಕ್ಕ ಕೊಟ್ಟಿರಲಿಲ್ಲ. ಹಾಗಾಗಿ ನಿಜವಾದ ಮೊತ್ತ ಇದಕ್ಕಿಂತ ದೊಡ್ಡದು.

ಇನ್ನೊಂದು ಸೋರಿಕೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬರಬೇಕಾದ ದುಡ್ಡೂ ನಿಲ್ಲುತ್ತದೆ. ಮೆಕ್ಸಿಕೋ ಗಡಿಗೋಡೆಗೆ ಡೊನಾಲ್ಡ್ ಟ್ರಂಪ್ 570 ಕೋಟಿ ಡಾಲರ್ ಕೇಳಿದ್ದರಿಂದ 2018ರ ಡಿಸೆಂಬರ್ 22ಕ್ಕೆ ಶುರುವಾದ ಶಟ್‌ಡೌನ್ 35 ದಿನ ನಡೆಯಿತು. ತೆರಿಗೆ ಇಲಾಖೆಯವರು ಮನೆಯಲ್ಲಿದ್ದರೆ ಬಾಕಿ ವಸೂಲಿ, ತಪಾಸಣೆ ಯಾರು ಮಾಡಬೇಕು? ಇದರಿಂದ ಸುಮಾರು 200 ಕೋಟಿ ಡಾಲರ್ ವರಮಾನ ತಪ್ಪಿತು, ಅದರ ಹೆಚ್ಚಿನ ಪಾಲು ಮತ್ತೆ ಬರುವುದಿಲ್ಲ ಎಂದು ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಅಂದಾಜಿಸಿತು. ಇಡೀ ದೇಶದ ಆರ್ಥಿಕತೆಗೆ ಶಾಶ್ವತವಾಗಿ ಆದ ನಷ್ಟ 300 ಕೋಟಿ ಡಾಲರ್ ಎಂದಿತು. 2025ರಲ್ಲಿ ಅದೇ ಕಚೇರಿ, ಶಟ್‌ಡೌನ್ ಆರು ವಾರ ಎಳೆದರೆ ಇಂಥ ನಷ್ಟ 1,100 ಕೋಟಿ ಮುಟ್ಟುತ್ತದೆ ಎಂದಿತ್ತು. ಅದು ಆರು ವಾರ ದಾಟಿತು.

ಕೆಲವೊಮ್ಮೆ ಒಂದೇ ಬಾಗಿಲನ್ನು ತೆರೆಸಲು ಇನ್ನೊಬ್ಬರು ದುಡ್ಡು ಕಟ್ಟಬೇಕಾಗುತ್ತದೆ. 2013ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಉದ್ಯಾನ ಮುಚ್ಚಿದಾಗ ಅಲ್ಲಿನ ಹೋಟೆಲು, ಅಂಗಡಿಯವರು ಕಂಗಾಲಾದರು. ಕೊನೆಗೆ ಅರಿಜೋನಾ ರಾಜ್ಯವೇ ದಿನಕ್ಕೆ ಸುಮಾರು 93 ಸಾವಿರ ಡಾಲರ್ ಕೊಟ್ಟು ಅದನ್ನು ತೆರೆಸಿತು.

ನಮ್ಮವರಿಗೂ ಇದರ ಬಿಸಿ ತಟ್ಟುತ್ತದೆ. ಎಚ್-1ಬಿ ವೀಸಾ ಅರ್ಜಿ ಹಾಕುವ ಮೊದಲು ಅಮೆರಿಕದ ಕಾರ್ಮಿಕ ಇಲಾಖೆಯ ಒಂದು ಒಪ್ಪಿಗೆ ಬೇಕು. 2013ರಲ್ಲೂ 2025ರಲ್ಲೂ ಆ ಕೆಲಸ ನಿಂತುಹೋಯಿತು. ಬೆಂಗಳೂರಿನಿಂದ ಹೊರಡಬೇಕಿದ್ದವರೂ, ಅಲ್ಲೇ ಕೆಲಸ ಬದಲಿಸಬೇಕಿದ್ದವರೂ ಸುಮ್ನೆ ಕಾಯಬೇಕಾಯಿತು.

ಭಾರತದಲ್ಲಿ ಹೀಗಾಗುವುದಿಲ್ಲ. ಬಜೆಟ್ ತಡವಾದರೆ ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗೆ ಮುಂಗಡ ಒಪ್ಪಿಗೆ, ಪಡೆಯಲು ನಮ್ಮ ಸಂವಿಧಾನದ 116ನೇ ವಿಧಿ, ರಾಜ್ಯಗಳಿಗೆ 206ನೇ ವಿಧಿ ಇದೆ. ಸದನ ದುಡ್ಡು ಕೊಡಲು ಒಪ್ಪದಿದ್ದರೆ ಬಿದ್ದುಹೋಗುವುದು ಮಂತ್ರಿಮಂಡಲ, ನೌಕರರ ಸಂಬಳವಲ್ಲ. ಅಮೆರಿಕದಲ್ಲಿ ಅಧ್ಯಕ್ಷರನ್ನೂ ಕಾಂಗ್ರೆಸ್ ಸದಸ್ಯರನ್ನೂ ಜನ ಬೇರೆ ಬೇರೆಯಾಗಿ, ನಿಗದಿತ ಅವಧಿಗೆ ಆರಿಸುತ್ತಾರೆ. ಹಟ ಹಿಡಿದರೆ ಇಬ್ಬರಿಗೂ ತಕ್ಷಣ ಕುರ್ಚಿ ಹೋಗುವ ಭಯವಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಈ ಯಾವ ಲೆಕ್ಕದಲ್ಲೂ ಸರಿಯಾಗಿ ಸೇರದ ಜನ. ಸರ್ಕಾರಿ ಕಟ್ಟಡಗಳಲ್ಲಿ ಕಸ ಗುಡಿಸುವವರು, ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು, ಬಾಗಿಲು ಕಾಯುವವರು. ಇವರಲ್ಲಿ ಬಹಳ ಮಂದಿ ಗುತ್ತಿಗೆ ಕೆಲಸಗಾರರು. ಕಚೇರಿ ಮುಚ್ಚಿದ ದಿನಗಳ ಕೂಲಿ ಅವರಿಗೆ ಹೋಯಿತೆಂದರೆ ಹೋದಂತೆಯೇ. 2019ರ ಬಾಕಿ ಸಂಬಳದ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ಅವರನ್ನೂ ಸೇರಿಸಬೇಕೆಂದು ಅದೇ ವರ್ಷ ಕಾಂಗ್ರೆಸ್‌ನಲ್ಲಿ ಮಸೂದೆ ಮಂಡನೆಯಾಯಿತು. ಅದು ಪಾಸಾಗಲಿಲ್ಲ.