ರಾಜೀನಾಮೆ ಕೊಟ್ಟದ್ದೋ, ಕೊಡಿಸಿದ್ದೋ?

ಹೊಗೆ ಹಾಕಿ ಓಡಿಸುವುದು ಅಂತೇವಲ್ಲ, ಕನ್‌ಸ್ಟ್ರಕ್ಟಿವ್ ಡಿಸ್ಮಿಸಲ್ ಅಂದರೆ ಹೆಚ್ಚುಕಡಿಮೆ ಅದೇ. ಧಣಿ ಬಾಯಿಬಿಟ್ಟು ಹೋಗು ಅನ್ನುವುದಿಲ್ಲ, ಆದರೆ ನಿಲ್ಲಲಾಗದ ಹಾಗೆ ಮಾಡುತ್ತಾನೆ. ಕಾಗದದಲ್ಲಿ ರಾಜೀನಾಮೆ, ಕಾನೂನಿನ ಕಣ್ಣಲ್ಲಿ ವಜಾ.

ಇಂಗ್ಲೆಂಡಿನಲ್ಲಿ ಇದಕ್ಕೆ 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟ್‌ನ 95(1)(ಸಿ) ಸೆಕ್ಷನ್ ಇದೆ. ಆದರೆ ಬೇಸರವಾಯಿತು, ಬಿಟ್ಟೆ ಅಂದರೆ ಸಾಲದು. ವೆಸ್ಟರ್ನ್ ಎಕ್ಸ್‌ಕವೇಟಿಂಗ್ ಕೇಸಿನಲ್ಲಿ (1978ರ ಲಾ ರಿಪೋರ್ಟಿನಲ್ಲಿದೆ) ಶಾರ್ಪ್ ಎಂಬವನು ಇಸ್ಪೀಟಾಡಲು ಕೆಲಸ ತಪ್ಪಿಸಿ, ಸಂಬಳವಿಲ್ಲದೆ ಸಸ್ಪೆಂಡ್ ಆದ. ಕೈಯಲ್ಲಿ ಕಾಸಿಲ್ಲ, ರಜೆಯ ದುಡ್ಡು ಮುಂಗಡ ಕೇಳಿದ, ಸಾಲ ಕೇಳಿದ, ಕಂಪನಿ ಎರಡೂ ಕೊಡಲಿಲ್ಲ. ಕೆಲಸ ಬಿಟ್ಟು ಕೇಸು ಹಾಕಿ ಸೋತ. ನ್ಯಾಯಾಧೀಶ ಲಾರ್ಡ್ ಡೆನಿಂಗ್ ಕೇಳಿದ್ದು ಒಂದೇ: ಧಣಿ ಒಪ್ಪಂದದ ಬುಡವನ್ನೇ ಮುರಿದಿದ್ದಾನೆಯೇ? ಮುರಿದಿದ್ದರೆ, ನೌಕರ ಅದೇ ಕಾರಣಕ್ಕೆ ಕೆಲಸ ಬಿಡಬೇಕು, ಜಾಸ್ತಿ ತಡವೂ ಮಾಡಬಾರದು. ಸುಮ್ನೆ ತಿಂಗಳುಗಟ್ಟಲೆ ದುಡಿಯುತ್ತಿದ್ದರೆ ಒಪ್ಪಿಕೊಂಡಂತೆ ಆಗಬಹುದು.

ನಂಬಿಕೆಯ ವಿಷಯ ಇಲ್ಲೇ ಬರುವುದು. ಒಪ್ಪಂದದಲ್ಲಿ ಬರೆಯದಿದ್ದರೂ ಪರಸ್ಪರ ನಂಬಿಕೆ ಅದರೊಳಗೆ ಇದ್ದೇ ಇದೆ ಅಂತ ಅಲ್ಲಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ 1997ರಲ್ಲಿ ಮಾಲಿಕ್ ಕೇಸಿನಲ್ಲಿ ಹೇಳಿತು. ಅದು 1991ರಲ್ಲಿ ಮುಚ್ಚಿದ ಬಿಸಿಸಿಐ (ಬ್ಯಾಂಕ್ ಆಫ್ ಕ್ರೆಡಿಟ್ ಆ್ಯಂಡ್ ಕಾಮರ್ಸ್ ಇಂಟರ್‌ನ್ಯಾಷನಲ್) ಬ್ಯಾಂಕಿನ ಮಾಜಿ ನೌಕರರ ಕೇಸು. ಮೋಸ ಮಾಡಿದ್ದು ಬ್ಯಾಂಕು, ಕಳಂಕ ಅಂಟಿದ್ದು ಅಲ್ಲಿ ಪ್ರಾಮಾಣಿಕವಾಗಿ ದುಡಿದವರಿಗೆ. ಸರಿಯಾದ ಕಾರಣವಿಲ್ಲದೆ ನಂಬಿಕೆ ಹಾಳುಮಾಡುವ ಹಾಗೆ ಧಣಿ ನಡೆದುಕೊಂಡರೆ ಅದೂ ಒಪ್ಪಂದ ಮುರಿದ ಹಾಗೆಯೇ.

ನನಗೆ ಇದು ಪುಸ್ತಕದಿಂದ ಅರ್ಥವಾದದ್ದಲ್ಲ. ನನ್ನ ದೊಡ್ಡಮ್ಮನ ಮಗಳು ಕಾಸರಗೋಡಿನ ಒಂದು ಬಟ್ಟೆ ಅಂಗಡಿಯಲ್ಲಿದ್ದಳು. ಒಂದು ದಿನ ಅವಳ ಸ್ಟೂಲ್ ಮಾಯ, ಆಮೇಲೆ ಕೌಂಟರಿನಿಂದ ಗೋಡೌನಿಗೆ, ಗಿರಾಕಿಗಳ ಎದುರೇ ಬೈಗುಳ. ಕೊನೆಗೆ ಮಲಯಾಳದಲ್ಲಿ ಟೈಪಾದ ಒಂದು ಹಾಳೆ ಮುಂದಿಟ್ಟು ಸಹಿ ಹಾಕು ಅಂದರು. ಅಕ್ಕ ಕಲಿತದ್ದು ಪೂರ್ತಿ ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತಾಳೆ, ಓದುವುದು ಅಕ್ಷರ ಕೂಡಿಸಿ ಕೂಡಿಸಿ. ಸಹಿ ಹಾಕಿ ಬಂದಳು. ಮನೆಯಲ್ಲಿ ಓದಿಸಿದಾಗ ಇದ್ದದ್ದು 'ಸ್ವಂತ ಕಾರಣಗಳಿಗಾಗಿ ಕೆಲಸ ಬಿಡುತ್ತಿದ್ದೇನೆ'.

ಕೇರಳದಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು 2018ರಲ್ಲೇ ಬಂದಿದೆ. 1960ರ ಕೇರಳ ಶಾಪ್ಸ್ ಆ್ಯಕ್ಟ್‌ನ 18ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಸತತ ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ ಬೇಕು. ಇದನ್ನೆಲ್ಲ ತಪ್ಪಿಸುವ ಸುಲಭ ದಾರಿಯೇ ರಾಜೀನಾಮೆ ಬರೆಸುವುದು, ಅಲ್ವಾ? ಕನ್‌ಸ್ಟ್ರಕ್ಟಿವ್ ಡಿಸ್ಮಿಸಲ್ ಅನ್ನುವ ಹೆಸರು ಈ ಆ್ಯಕ್ಟ್‌ನಲ್ಲಿಲ್ಲ. ಆದರೆ ಮನಸ್ಸಿದ್ದು ಕೊಟ್ಟ ರಾಜೀನಾಮೆಯೋ, ಒತ್ತಾಯದ್ದೋ ಅಂತ ನಮ್ಮ ಕೋರ್ಟುಗಳು ನೋಡುತ್ತವೆ. ಒತ್ತಾಯ ಅಂತ ತೋರಿಸುವ ಹೊರೆ ಮಾತ್ರ ಸಾಮಾನ್ಯವಾಗಿ ಕೆಲಸಗಾರರ ಮೇಲೆಯೇ.

ಕಾನೂನು ಪರೀಕ್ಷೆಗೆ ಓದುವಾಗಲೂ ಆ ಹಾಳೆ ನೆನಪಿಟ್ಟುಕೊಳ್ಳಿ. ಬಿಡಲೇಬೇಕಾಗಿ ಬಂದರೆ ನಿಮಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ, ಸ್ಟೂಲ್ ತೆಗೆದ ತಾರೀಕು ಸಹಿತ ನಿಜವಾದ ಕಾರಣ ಬರೆಯಿರಿ, ಕೊಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.