ಮನೆಗೆ ಬಂದ ಸೈನಿಕರು ಕೊನೆಗೆ ಮತ್ತೆ ಯುದ್ಧಕ್ಕೆ ಹೊರಟದ್ದೇಕೆ?

ಪ್ರಶ್ನೆ: ಇರಾಕ್ ಯುದ್ಧದಿಂದ ಬಂದ ಮೂವರು ಅಮೆರಿಕನ್ ಸೈನಿಕರು ಬಾಡಿಗೆ ಕಾರಿನಲ್ಲಿ ಜೊತೆಯಾಗಿ ಊರಿನತ್ತ ಸಾಗುವ ‘ದಿ ಲಕ್ಕಿ ಒನ್ಸ್’ ಚಿತ್ರ ನೋಡಿದೆವು. ಪ್ರಯಾಣವೆಲ್ಲ ಹಿಡಿಸಿತು. ಆದರೆ ಅಷ್ಟು ಪಾಡುಪಟ್ಟು ಊರು ಸೇರಿದವರು ಕೊನೆಯಲ್ಲಿ ಮತ್ತೆ ಸೇನೆಗೇ ಹೊರಡುತ್ತಾರಲ್ಲ, ಅದು ನಿರ್ದೇಶಕರು ಬಲವಂತವಾಗಿ ತುರುಕಿದ ಅಂತ್ಯವಲ್ಲವೇ?

ಉತ್ತರ: ಹಾಸನದಲ್ಲಿ ನಮ್ಮ ಬಳಗ ಈ ಚಿತ್ರವನ್ನು ತೋರಿಸಿದಾಗಲೆಲ್ಲ ದೀಪ ಹಾಕುವ ಮೊದಲೇ ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ಎದುರು ಸಿಕ್ಕವರಿಗೆ ಹೇಳಿದ್ದೇನೆ, ಫೋನಿನಲ್ಲೂ ಹೇಳಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ. ತುರುಕಿದ್ದಲ್ಲ. ಇಡೀ ಚಿತ್ರದಲ್ಲಿ ನಾನು ಚಕಾರವೆತ್ತದೆ ಒಪ್ಪುವ ಭಾಗವೆಂದರೆ ಆ ಅಂತ್ಯವೇ.

ಉಳಿದ ಆಕ್ಷೇಪಗಳನ್ನು ಬೇಗ ಮುಗಿಸುತ್ತೇನೆ. ಕಾಕತಾಳೀಯಗಳು ಹೆಚ್ಚಾದವು ಎನ್ನುತ್ತೀರಿ, ಒಪ್ಪಿದೆ. ನಗುವೂ ನೋವೂ ಕೆಲವು ಕಡೆ ಹದವಾಗಿ ಬೆರೆತಿಲ್ಲ ಎನ್ನುತ್ತೀರಿ, ಅದನ್ನೂ ಒಪ್ಪಿದೆ. 2008ರಲ್ಲಿ ನೀಲ್ ಬರ್ಗರ್ ನಿರ್ದೇಶಿಸಿದ ಈ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತದ್ದೂ ನಿಜ. ಆದರೆ ಸೋತ ಚಿತ್ರದ ಅಂತ್ಯ ತಪ್ಪಾಗಿಯೇ ಇರಬೇಕೆಂದು ಯಾವ ನಿಯಮವೂ ಇಲ್ಲ.

ತೊಡಕು ಇರುವುದು ನಮ್ಮ ತಲೆಯಲ್ಲಿ ಬೇರೂರಿದ ಒಂದು ನಂಬಿಕೆಯಲ್ಲಿ. ಮನೆಗೆ ಬಂದ ಸೈನಿಕ ಎಂದರೆ ಯುದ್ಧ ಮುಗಿಸಿ ಬಂದ ಸೈನಿಕ ಎಂದು ನಾವು ಮೊದಲ ದೃಶ್ಯದಲ್ಲೇ ತೀರ್ಮಾನಿಸಿಬಿಡುತ್ತೇವೆ. ಆಮೇಲೆ ಚಿತ್ರ ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ. ಕಾರಿನಲ್ಲಿರುವ ಮೂವರಲ್ಲಿ ಸೇವೆ ಮುಗಿಸಿ ಬಂದವನು ಒಬ್ಬನೇ, ಟಿಮ್ ರಾಬಿನ್ಸ್ ಮಾಡಿದ ಚೀವರ್. ಕಾಲಿಗೆ ಪೆಟ್ಟು ತಿಂದು ಕುಂಟುತ್ತಾ ನಡೆಯುವ ಕೋಲಿ ಎಂಬ ಯುವತಿಯೂ ತನ್ನ ಗಾಯವನ್ನು ಯಾರಿಗೂ ಹೇಳಿಕೊಳ್ಳಲಾಗದೆ ಒದ್ದಾಡುವ ಟಿ.ಕೆ.ಯೂ ರಜೆಯ ಮೇಲೆ ಬಂದವರು. ಅದು ಗಾಯ ಮಾಯಲು ಕೊಟ್ಟ ರಜೆ, ಬಿಡುಗಡೆಯಲ್ಲ. ವಿಮಾನಗಳು ರದ್ದಾಗಿ, ಬಾಡಿಗೆ ಕಾರು ನ್ಯೂಯಾರ್ಕಿನಿಂದ ಹೊರಟ ಗಳಿಗೆಯಿಂದಲೇ ಅವರಿಬ್ಬರ ದಿನಗಳು ಕರಗುತ್ತಿರುತ್ತವೆ.

‘ಇಷ್ಟವಿಲ್ಲದಿದ್ದರೆ ರಾಜೀನಾಮೆ ಕೊಡಬಹುದಿತ್ತಲ್ಲ’ ಎಂದು ಕೇಳುವವರಿದ್ದಾರೆ. ಕೊಡಲಾಗುವುದಿಲ್ಲ. ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿತು, ಸೇರುವುದು ಸ್ವಂತ ಇಚ್ಛೆಯಿಂದ. ಆದರೆ ಸೇರುವಾಗ ಸಹಿ ಹಾಕುವ ಒಪ್ಪಂದದ ಹೊಣೆ, ಮೀಸಲು ಪಡೆಯ ಕಾಲವೂ ಸೇರಿ, ಸಾಮಾನ್ಯವಾಗಿ 8 ವರ್ಷ. ಇರಾಕ್ ಯುದ್ಧದ ಆ ವರ್ಷಗಳಲ್ಲಂತೂ ಅವಧಿ ಮುಗಿದ ಎಷ್ಟೋ ಮಂದಿಯನ್ನು ಸೇನೆ ಮನೆಗೆ ಬಿಡದೆ ಉಳಿಸಿಕೊಂಡಿತ್ತು. 2007ರಲ್ಲಿ ಅಲ್ಲಿನ ಒಂದು ಸರದಿಯ ಸೇವೆಯನ್ನು 12 ತಿಂಗಳಿಂದ 15 ತಿಂಗಳಿಗೆ ಏರಿಸಿತು. ಮತ್ತೆ ಯುದ್ಧಕ್ಕೆ ಹೋಗಬೇಕಲ್ಲ ಎಂಬ ಟಿ.ಕೆ.ಯ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಬಿಡುಗಡೆಯಾಗಿದ್ದ ಚೀವರ್ ಏಕೆ ಹೋದ? ಅವನ ಮನೆಯಿರುವ ಸೇಂಟ್ ಲೂಯಿಸ್‌ನ ದೃಶ್ಯವನ್ನು ಇನ್ನೊಮ್ಮೆ ನೋಡಿ. ಹೆಂಡತಿ ವಿಚ್ಛೇದನ ಕೇಳುತ್ತಾಳೆ, ಹಳೆಯ ಕೆಲಸ ಇಲ್ಲವಾಗಿದೆ, ಮಗನಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಅದಕ್ಕೆ 20,000 ಡಾಲರ್ ಹೊಂದಿಸಬೇಕು. ಮರಳಿ ಸೇರುವವರಿಗೆ ಸೇನೆ ದೊಡ್ಡ ಮೊತ್ತ ಕೊಡುತ್ತಿದ್ದ ಕಾಲವದು. ದೇಶಭಕ್ತಿಯ ಭಾಷಣವಿಲ್ಲದೆ, ಕಣ್ಣೀರಿಲ್ಲದೆ, ಒಬ್ಬ ತಂದೆ ಮಗನ ಶುಲ್ಕಕ್ಕಾಗಿ ಮತ್ತೆ ಸಮವಸ್ತ್ರ ತೊಡುತ್ತಾನೆ. ಮಕ್ಕಳ ಸೀಟಿಗಾಗಿ ಜಮೀನು ಅಡವಿಟ್ಟವರು ನಮ್ಮ ಪ್ರತಿ ಊರಿನಲ್ಲೂ ಇರುವಾಗ ಇದು ನಮಗೆ ಅರ್ಥವಾಗದೆ ಹೋಗುವುದೇ ನನಗೆ ಸೋಜಿಗ.

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬರಲೇಬಾರದು. ಅರಸೀಕೆರೆ ಜಂಕ್ಷನ್ನಿನಲ್ಲಿ ಒಮ್ಮೆ ಗಮನಿಸಿ: ಕಪ್ಪು ಬಣ್ಣದ ತಗಡಿನ ಟ್ರಂಕು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು. ರಜೆಗೆ ಬಂದಿಳಿದ ಯೋಧನನ್ನು ನೋಡಿದ ಮೊದಲ ನೆಂಟರು ಕೇಳುವುದೇ ‘ಯಾವಾಗ ಬಂದೆ, ಯಾವಾಗ ಹೊರಡುವುದು’ ಎಂದು. ನಮ್ಮ ಸೈನಿಕನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅಷ್ಟರಲ್ಲೇ ತಂಗಿಯ ಮದುವೆ, ಕೊಳವೆಬಾವಿ, ಅಪ್ಪನ ಶಸ್ತ್ರಚಿಕಿತ್ಸೆ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ಆ ದಿನಗಳಿಗೂ ಕತ್ತರಿ ಬಿತ್ತು. ಕರೆ ಬಂದ ಕೂಡಲೇ ಹೊರಟವರನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದೆವು. ಅವರು ಹೊರಟದ್ದನ್ನು ಯಾರೂ ತುರುಕಿದ್ದು ಎನ್ನಲಿಲ್ಲ.

ಇಲ್ಲಿಗೆ ಬಂದಾಗ ಯಾರೂ ಕೇಳದ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ಇದೇ ಕಥೆಯನ್ನು ಕನ್ನಡದಲ್ಲಿ ಮಾಡಿದರೆ ಕಾರು ಬೇಡ. ನಮ್ಮ ಯೋಧರು ಊರಿಗೆ ಬರುವುದು ರೈಲಿನಲ್ಲಿ. ಸೇನೆ ಕೊಡುವ ಪ್ರಯಾಣ ಪತ್ರವಾದ ವಾರಂಟ್ ತೋರಿಸಿ ಪಡೆದ ಟಿಕೆಟ್, ಜಮ್ಮುವಿನಲ್ಲಿ ಹತ್ತಿ ದೆಹಲಿಯಲ್ಲಿ ಗಾಡಿ ಬದಲಿಸಿ, ಮೂರು ದಿನ ಎದುರುಬದುರು ಕುಳಿತ ಅಪರಿಚಿತರು. ಕಾರಿನಲ್ಲಾದರೆ ಜಗಳವಾಡಿದವನು ಇಳಿದು ಹೋಗಬಹುದು. ಬೋಗಿಯಲ್ಲಿ ರಾತ್ರಿ ಅದೇ ಬರ್ತಿಗೆ ಮರಳಬೇಕು. ಕೋಲಿ ತನ್ನ ಸತ್ತ ಗೆಳೆಯನ ಗಿಟಾರನ್ನು ಅವನ ಮನೆಯವರಿಗೆ ಒಪ್ಪಿಸಲೆಂದು ಲಾಸ್ ವೇಗಾಸ್‌ವರೆಗೂ ಹೊತ್ತು ತರುತ್ತಾಳಲ್ಲ, ನಮ್ಮ ಚಿತ್ರದಲ್ಲಿ ಆ ಜಾಗದಲ್ಲಿ ಸೀಟಿನ ಕೆಳಗೆ ಇನ್ನೊಬ್ಬನ ಹೆಸರಿರುವ ಟ್ರಂಕು ಇರಲಿ. ಸಹಪ್ರಯಾಣಿಕರು ಅದರ ಮೇಲೆ ಕಾಲು ಚಾಚಲು ಹೋದಾಗ ಅದನ್ನು ಹೊತ್ತು ತಂದ ಯೋಧ ಏನನ್ನುತ್ತಾನೆ ಎಂಬಲ್ಲಿಂದಲೇ ಕಥೆ ಶುರುವಾಗಬಹುದು.

ಸಕಲೇಶಪುರದಲ್ಲೋ ಹೊಳೆನರಸೀಪುರದಲ್ಲೋ ಕುಳಿತು ಚಿತ್ರಕಥೆ ಬರೆಯುತ್ತಿರುವ ಹುಡುಗರು ಇದನ್ನು ಎತ್ತಿಕೊಳ್ಳಲಿ, ನನ್ನ ಅನುಮತಿ ಬೇಕಿಲ್ಲ. ನಾಯಕನನ್ನು ಮಾತ್ರ ಕೊನೆಯಲ್ಲಿ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ಮುಗಿಸಬೇಡಿ. ರಜೆ ಮುಗಿದ ದಿನ ಅವನಿಗೆ ಅರಸೀಕೆರೆಯಲ್ಲಿ ಗಾಡಿ ಹತ್ತಿಸಿ.