ಬಾಯಿಲ್ಲದವರ ಪರ ಯಾರು ಮಾತಾಡಬೇಕು?

ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್‌ಬಾಯ್ ಒಬ್ಬ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಅತ್ಯಾಚಾರವೆಸಗಿದ. ಪ್ರಾಣವಾಯು ಸಿಗದೆ ಮಿದುಳು ಹಾಳಾಯಿತು. ಆಗ ಅವರಿಗೆ 25 ವರ್ಷ. ಆಮೇಲಿನ ನಾಲ್ಕು ದಶಕ ಅದೇ ಆಸ್ಪತ್ರೆಯ ಹಾಸಿಗೆಯಲ್ಲೇ ಕಳೆಯಿತು.

ಲೇಖಕಿ ಪಿಂಕಿ ವಿರಾನಿ ಅರುಣಾರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ನಿಲ್ಲಿಸಲು ಅಲ್ಲಿ ಬೇರೇನೂ ಇರಲಿಲ್ಲ. ವೆಂಟಿಲೇಟರ್ ಇಲ್ಲ, ಯಂತ್ರವಿಲ್ಲ. ನರ್ಸ್‌ಗಳು ಅನ್ನ ಕಿವುಚಿ ಬಾಯಿಗಿಟ್ಟರೆ ನುಂಗುತ್ತಿದ್ದರು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅರ್ಜಿಯನ್ನು ತಳ್ಳಿಹಾಕಿದರು. ಅರುಣಾ ಪರವಾಗಿ ಮಾತಾಡುವ ಹಕ್ಕು ವಿರಾನಿಯವರಿಗಲ್ಲ, ಅಷ್ಟು ವರ್ಷ ಮೈ ತೊಳೆದು ಉಣ್ಣಿಸಿದ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂದರು. ನರ್ಸ್‌ಗಳು ಸಿಹಿ ಹಂಚಿ ಇದು ಅರುಣಾರ ಮರುಹುಟ್ಟು ಎಂದರು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ಆದರೆ ಅದೇ ತೀರ್ಪು, ಹೈಕೋರ್ಟಿನ ಒಪ್ಪಿಗೆಯಿದ್ದರೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂದು ಮೊದಲ ಬಾರಿ ಹೇಳಿತು. ದಯಾಮರಣ ಎಂಬ ಪದ ದಾರಿ ತಪ್ಪಿಸುವುದು ಇಲ್ಲೇ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಆಗಲೂ ಅಪರಾಧ, ಈಗಲೂ ಅಪರಾಧ. ಒಪ್ಪಿದ್ದು ಇಷ್ಟೇ: ಗುಣವಾಗದ ರೋಗಿಗೆ ಸಾವನ್ನು ಮುಂದೂಡುವುದಷ್ಟೇ ಮಾಡುತ್ತಿರುವ ಚಿಕಿತ್ಸೆಯನ್ನು ಬಿಡಬಹುದು. 1996ರ ಗಿಯಾನ್ ಕೌರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದಿದ್ದರೂ, ಸಹಜವಾಗಿ ಬರುತ್ತಿರುವ ಸಾವಿನ ಘನತೆಯನ್ನು ಬೇರೆಯಾಗಿಯೇ ಕಂಡಿದ್ದರು.

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನದಿಂದ, ಅಂದರೆ ಸಾವಿನವರೆಗೆ ಉಪವಾಸವಿರುವ ಜೈನ ವ್ರತದಿಂದ, ದೇಹ ಬಿಟ್ಟವರ ಶಾಸನಗಳನ್ನು ಕಂಡ ನಮಗೆ ಈ ವ್ಯತ್ಯಾಸ ತೀರಾ ಹೊಸದೇನಲ್ಲ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದರೆ ಸಲ್ಲೇಖನದಲ್ಲಿ ವ್ರತ ಹಿಡಿದವರೇ ಬಾಯಿಬಿಟ್ಟು ಹೇಳಿರುತ್ತಾರೆ. ಐಸಿಯುನಲ್ಲಿ ಮಲಗಿದವರು ಹೇಳುವಂತಿಲ್ಲ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಹೇಳುವ ಶಕ್ತಿ ಇದ್ದಾಗಲೇ ಬರೆದಿಡಲಿ ಎಂದು ಕಾಮನ್ ಕಾಸ್ ಸಂಸ್ಥೆ 2005ರಲ್ಲೇ ಕೋರ್ಟಿಗೆ ಹೋಗಿತ್ತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠ ಅದನ್ನು, ಅಂದರೆ ಲಿವಿಂಗ್ ವಿಲ್ಲನ್ನು, ಒಪ್ಪಿತು. ಒಪ್ಪಿದ ರೀತಿ ಮಾತ್ರ ವಿಚಿತ್ರ. ಉಯಿಲಿಗೆ ಮ್ಯಾಜಿಸ್ಟ್ರೇಟರ ಸಹಿ ಬೇಕು, 20 ವರ್ಷ ಅನುಭವದ ವೈದ್ಯರ ಮಂಡಳಿ ಬೇಕು, ಜಿಲ್ಲಾಧಿಕಾರಿ ನೇಮಿಸುವ ಇನ್ನೊಂದು ಮಂಡಳಿ ಬೇಕು, ಕೊನೆಗೆ ಮ್ಯಾಜಿಸ್ಟ್ರೇಟರೇ ಬಂದು ರೋಗಿಯನ್ನು ನೋಡಬೇಕು. ಅಷ್ಟು ಹೊತ್ತು ಯಾವ ರೋಗಿ ಕಾಯುತ್ತಾನೆ? ತೀವ್ರ ನಿಗಾ ವೈದ್ಯರ ಸಂಘದವರೇ ಮತ್ತೆ ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಬರೆದರೂ ಸಾಕು ಎಂದಾಯಿತು, ವೈದ್ಯರ ಅನುಭವ 5 ವರ್ಷಕ್ಕೆ ಇಳಿಯಿತು, ಮಂಡಳಿಗಳು ಆದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕೆಂದಾಯಿತು.

ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಗೆ ಸುತ್ತೋಲೆ ಹೊರಡಿಸಿತು.

ಸುತ್ತೋಲೆ ಬರುವ ಮೊದಲೂ ಚಿಕಿತ್ಸೆ ನಿಲ್ಲಿಸುವುದು ನಡೆಯುತ್ತಲೇ ಇತ್ತು. “ಇನ್ನು ಮನೆಗೆ ಕರ್ಕೊಂಡು ಹೋಗಿ” ಎಂದು ಡಾಕ್ಟರು ಮೆಲ್ಲಗೆ ಹೇಳುತ್ತಾರೆ. ಅಥವಾ ಬಿಲ್ಲು ನೋಡಿದ ಮನೆಯವರೇ ಸಹಿ ಹಾಕಿ ಕರೆದೊಯ್ಯುತ್ತಾರೆ. ಮಂಡಳಿಯಿಲ್ಲ, ದಾಖಲೆಯಿಲ್ಲ, ಎಷ್ಟೋ ಸಲ ನೋವಿಗೆ ಮಾರ್ಫಿನ್ ಕೂಡ ಇಲ್ಲ. ಈ ಕಾನೂನು ದುರುಪಯೋಗವಾಗುತ್ತದೆ, ಆಸ್ತಿಗಾಗಿ ಮಕ್ಕಳು ಅಪ್ಪನ ವೆಂಟಿಲೇಟರ್ ತೆಗೆಸುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಹೆಚ್ಚು ಎಡೆ ಕೊಡುವುದು ಲೆಕ್ಕಕ್ಕೆ ಸಿಗದ ಈ ಹಳೆಯ ಪದ್ಧತಿಯೇ ಎಂದು ನನಗನ್ನಿಸುತ್ತದೆ.

ಈಗ ಲಿವಿಂಗ್ ವಿಲ್ ಬರೆಯುವವರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ತಮ್ಮ ಬಾಯಿ ನಿಂತಾಗ ತಮ್ಮ ಪರ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಒಬ್ಬರದಲ್ಲ, ಕನಿಷ್ಠ ಇಬ್ಬರದು.